ಕಾರ್ಡ್ ಇದ್ದರೂ ವೋಟು ಇಲ್ಲ, ಕಾರ್ಡ್ ಇಲ್ಲದಿದ್ದರೂ ವೋಟು ಉಂಟು: ಮತಗಟ್ಟೆಯಲ್ಲಿ ಗುರುತು ಪರಿಶೀಲನೆ ನಡೆಯುವ ಬಗೆ

ಚುನಾವಣೆಯ ದಿನ ಎಲ್ಲ ಊರುಗಳಿಂದಲೂ ಎರಡು ಮಾತು ಕೇಳಿಬರುತ್ತವೆ. ‘ವೋಟರ್ ಐಡಿ ಇದೆ, ಆದರೂ ವೋಟು ಹಾಕಲು ಬಿಡಲಿಲ್ಲ’ ಎಂಬುದು ಒಂದು. ‘ವೋಟರ್ ಐಡಿ ಎಲ್ಲೋ ಕಳೆದುಹೋಗಿದೆ, ಅದಕ್ಕೇ ಬೂತ್ ಕಡೆ ಹೋಗಲಿಲ್ಲ’ ಎಂಬುದು ಇನ್ನೊಂದು. ಮೊದಲನೆಯವರು ಕಾರ್ಡ್ ಇದ್ದರೆ ಸಾಕು ಎಂದುಕೊಂಡಿದ್ದರು, ಎರಡನೆಯವರು ಕಾರ್ಡ್ ಇಲ್ಲದೆ ಆಗದು ಎಂದುಕೊಂಡರು. ಎರಡೂ ಸರಿಯಲ್ಲ.

ಮತಗಟ್ಟೆಯಲ್ಲಿ ಇತ್ಯರ್ಥವಾಗಬೇಕಾದ ಪ್ರಶ್ನೆಗಳು ಎರಡೇ. ಈ ಬೂತ್‌ನ ಮತದಾರರ ಪಟ್ಟಿಯಲ್ಲಿ ಹೆಸರಿದೆಯೇ? ಎದುರಿಗೆ ನಿಂತಿರುವವರು ಆ ಹೆಸರಿನವರೇ? 1951ರ ಜನಪ್ರತಿನಿಧಿ ಕಾಯ್ದೆಯ 62ನೇ ಸೆಕ್ಷನ್ ಪ್ರಕಾರ ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಮತದಾನದ ಹಕ್ಕಿಲ್ಲ. ಹತ್ತು ವರ್ಷ ಹಿಂದೆ ಚುನಾವಣಾ ಆಯೋಗವೇ ಕೊಟ್ಟ ಕಾರ್ಡ್ ಕೈಯಲ್ಲಿದ್ದರೂ ಅಷ್ಟೇ. ಹೆಸರಿದ್ದರೆ ಮಾತ್ರ ಗುರುತಿನ ಪ್ರಶ್ನೆ ಬರುತ್ತದೆ, ಆ ವಿಷಯದಲ್ಲಿ ನಿಯಮಗಳು ಜನ ಅಂದುಕೊಂಡಿರುವುದಕ್ಕಿಂತ ಬಹಳ ಉದಾರವಾಗಿವೆ. ಕಷ್ಟದ ಪರೀಕ್ಷೆ ಪಟ್ಟಿಯದು, ಅದು ಮತದಾನಕ್ಕೆ ವಾರಗಳ ಮೊದಲೇ ಸದ್ದಿಲ್ಲದೆ ಮುಗಿದಿರುತ್ತದೆ.

ಮೇಜಿನ ಹಿಂದೆ ಏನಾಗುತ್ತದೆ

ಬೆಳಗ್ಗೆ 7ರಿಂದ ಸಂಜೆ 6ರವರೆಗೆ ಎಂದರೆ 660 ನಿಮಿಷ. ಒಂದು ಬೂತ್‌ಗೆ 1,200ಕ್ಕಿಂತ ಹೆಚ್ಚು ಮತದಾರರು ಇರಬಾರದೆಂದು ಆಯೋಗ 2025ರಲ್ಲಿ ಮಿತಿ ಹಾಕಿತು. ಅದಕ್ಕೆ ಮೊದಲು ಆ ಮಿತಿ 1,500 ಇತ್ತು. 1,200ರಲ್ಲಿ ಶೇ 70ರಷ್ಟು ಜನ ಬಂದರೆ 840 ಮಂದಿ. ಒಬ್ಬರ ಪಾಲಿಗೆ ಬರುವುದು ಸುಮಾರು 47 ಸೆಕೆಂಡು. ಹೆಸರು ಹುಡುಕುವುದು, ಮುಖ ನೋಡುವುದು, ಶಾಯಿ, ಸಹಿ, ಯಂತ್ರದ ಗುಂಡಿ ಒತ್ತುವುದು ಎಲ್ಲವೂ ಅಷ್ಟರಲ್ಲಿ ಆಗಬೇಕು. ಸರತಿಯಲ್ಲಿ ನಿಂತವರಿಗೆ ಸಿಬ್ಬಂದಿ ಸಿಡುಕುವಂತೆ ಕಾಣುವುದಕ್ಕೆ ಈ ಲೆಕ್ಕವೂ ಒಂದು ಕಾರಣ.

ಮೊದಲ ಮತಗಟ್ಟೆ ಅಧಿಕಾರಿಯ ಮುಂದೆ ಪಟ್ಟಿಯ ‘ಗುರುತು ಹಾಕುವ ಪ್ರತಿ’ ಇರುತ್ತದೆ. ಸಾರ್ವಜನಿಕರಿಗೆ ಸಿಗುವ ಪಟ್ಟಿಯಲ್ಲಿ ಫೋಟೊ ಇರುವುದಿಲ್ಲ, ಈ ಪ್ರತಿಯಲ್ಲಿ ಪ್ರತಿ ಹೆಸರಿನ ಜೊತೆ ಫೋಟೊ ಇರುತ್ತದೆ. ಅವರು ನಿಮ್ಮ ಕ್ರಮ ಸಂಖ್ಯೆ ಮತ್ತು ಹೆಸರನ್ನು ಗಟ್ಟಿಯಾಗಿ ಓದುತ್ತಾರೆ. ಪಕ್ಕದಲ್ಲಿ ಕೂತ ಪಕ್ಷಗಳ ಏಜೆಂಟರು ತಮ್ಮ ಪ್ರತಿಯಲ್ಲಿ ಟಿಕ್ ಮಾಡಿಕೊಳ್ಳುತ್ತಾರೆ, ತಕರಾರಿದ್ದರೆ ಆಗಲೇ ಎತ್ತಬೇಕು. ಗುರುತು ಒಪ್ಪಿದ ಮೇಲೆ ನಮೂದಿನ ಮೇಲೆ ಕೆಂಪು ಗೆರೆ ಬೀಳುತ್ತದೆ. ಎರಡನೇ ಅಧಿಕಾರಿ ಎಡಗೈ ತೋರುಬೆರಳನ್ನು ನೋಡಿ, ಮೊದಲೇ ಗುರುತು ಇಲ್ಲವೆಂದು ಖಚಿತಪಡಿಸಿಕೊಂಡು, ಉಗುರಿನ ಮೇಲ್ತುದಿಯಿಂದ ಮೊದಲ ಗೆಣ್ಣಿನವರೆಗೆ ಶಾಯಿ ಎಳೆಯುತ್ತಾರೆ. ಬೆರಳಿಗೆ ಎಣ್ಣೆ ಅಥವಾ ಜಿಡ್ಡು ಇದ್ದರೆ ಬಟ್ಟೆಯಿಂದ ಒರೆಸಿಯೇ ಹಚ್ಚಬೇಕು, ಇಲ್ಲವಾದರೆ ಶಾಯಿಯಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ಹಿಡಿಯುವುದಿಲ್ಲ. ಈ ಶಾಯಿ 1962ರಿಂದ ನಮ್ಮ ಮೈಸೂರಿನಿಂದಲೇ ಹೋಗುತ್ತಿದೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು 1937ರಲ್ಲಿ ಕಟ್ಟಿಸಿದ ಕಾರ್ಖಾನೆಯೇ ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಲಿಮಿಟೆಡ್.

ಆಮೇಲೆ ನಮೂನೆ 17ಎ ಎಂಬ ರಿಜಿಸ್ಟರಿನಲ್ಲಿ ಸಹಿ ಅಥವಾ ಹೆಬ್ಬೆಟ್ಟು. ಅದರಲ್ಲೊಂದು ಕಾಲಂ ನೀವು ತೋರಿಸಿದ ದಾಖಲೆಗೆ ಮೀಸಲು. ವೋಟರ್ ಐಡಿ ತೋರಿಸಿದ್ದರೆ ‘ಇಪಿ’ ಎಂದು ಬರೆಯುತ್ತಾರೆ, ಬೇರೆ ದಾಖಲೆಯಾದರೆ ಅದರ ಕೊನೆಯ ನಾಲ್ಕು ಅಂಕಿ. ಮುಂದೆ ವ್ಯಾಜ್ಯ ಬಂದರೆ ಯಾರು ಯಾವ ದಾಖಲೆ ತೋರಿಸಿ ಮತ ಹಾಕಿದರೆಂದು ಈ ಕಾಲಂ ಹೇಳುತ್ತದೆ. ಸಹಿ, ಹೆಬ್ಬೆಟ್ಟು ಎರಡಕ್ಕೂ ಒಪ್ಪದವರಿಗೆ ಮತ ಹಾಕಲು ಬಿಡುವುದಿಲ್ಲ.

ಯಾವುದನ್ನು ತೋರಿಸಬಹುದು

ವೋಟರ್ ಐಡಿ ಇದ್ದವರು ಅದನ್ನೇ ತೋರಿಸಬೇಕೆಂಬುದು ಮೂಲ ಸೂಚನೆ. ತೋರಿಸಲಾಗದವರಿಗೆ 2024ರ ಲೋಕಸಭಾ ಚುನಾವಣೆಯಲ್ಲಿ 12 ಪರ್ಯಾಯಗಳಿದ್ದವು: ಆಧಾರ್, ಪಾನ್ ಕಾರ್ಡ್, ಡ್ರೈವಿಂಗ್ ಲೈಸೆನ್ಸ್, ಭಾರತೀಯ ಪಾಸ್‌ಪೋರ್ಟ್, ನರೇಗಾ ಜಾಬ್ ಕಾರ್ಡ್, ಫೋಟೊ ಇರುವ ಬ್ಯಾಂಕ್ ಅಥವಾ ಅಂಚೆ ಕಚೇರಿ ಪಾಸ್‌ಬುಕ್, ಕಾರ್ಮಿಕ ಸಚಿವಾಲಯದ ಯೋಜನೆಯ ಆರೋಗ್ಯ ವಿಮೆ ಸ್ಮಾರ್ಟ್ ಕಾರ್ಡ್, ರಾಷ್ಟ್ರೀಯ ಜನಸಂಖ್ಯಾ ನೋಂದಣಿಯ ಸ್ಮಾರ್ಟ್ ಕಾರ್ಡ್, ಫೋಟೊ ಇರುವ ಪಿಂಚಣಿ ದಾಖಲೆ, ಸರ್ಕಾರಿ, ಸಾರ್ವಜನಿಕ ವಲಯದ ಮತ್ತು ಪಬ್ಲಿಕ್ ಲಿಮಿಟೆಡ್ ಕಂಪನಿಗಳ ಫೋಟೊ ಸಹಿತ ನೌಕರರ ಗುರುತಿನ ಚೀಟಿ, ಸಂಸದರು ಮತ್ತು ಶಾಸಕರ ಅಧಿಕೃತ ಚೀಟಿ, ಅಂಗವಿಕಲರ ಯುಡಿಐಡಿ ಕಾರ್ಡ್. ಆಯೋಗ ಪ್ರತಿ ಚುನಾವಣೆಗೂ ಈ ಆದೇಶವನ್ನು ಹೊಸದಾಗಿ ಹೊರಡಿಸುತ್ತದೆ. ಗ್ರಾಮ ಪಂಚಾಯಿತಿ, ನಗರ ಸ್ಥಳೀಯ ಸಂಸ್ಥೆಗಳ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ, ಅದರ ದಾಖಲೆಗಳ ಪಟ್ಟಿಯೇ ಬೇರೆ.

ಈ ಹನ್ನೆರಡರಲ್ಲಿ ಇರುವವುಗಳಷ್ಟೇ ಮುಖ್ಯ ಇಲ್ಲದವು. ರೇಷನ್ ಕಾರ್ಡ್ ಇಲ್ಲ. ಹಳ್ಳಿಯ ಅಜ್ಜಿಯರ ಕೈಗೆ ಮೊದಲು ಸಿಗುವ ಕಾಗದ ಅದೇ, ವಾಪಸು ಕಳಿಸಿಕೊಳ್ಳುವವರಲ್ಲಿ ಅದನ್ನು ಹಿಡಿದು ಬಂದವರೂ ಇರುತ್ತಾರೆ. ಅದು ಇಡೀ ಕುಟುಂಬಕ್ಕೆ ಕೊಟ್ಟ ಚೀಟಿ, ಒಬ್ಬ ವ್ಯಕ್ತಿಯ ಗುರುತಲ್ಲ ಎಂಬ ವಾದಕ್ಕೆ ಅರ್ಥವಿದೆ. ಆದರೆ ನರೇಗಾ ಜಾಬ್ ಕಾರ್ಡ್ ಕೂಡ ಕುಟುಂಬಕ್ಕೇ ಕೊಡುವಂಥದ್ದು, ಅದು ಪಟ್ಟಿಯಲ್ಲಿದೆ. ಈ ವ್ಯತ್ಯಾಸವನ್ನು ಆಯೋಗ ಸರಿಪಡಿಸಬೇಕು, ಇಲ್ಲವೇ ಊರೂರಲ್ಲಿ ಡಂಗುರ ಹೊಡೆಸಿ ‘ರೇಷನ್ ಕಾರ್ಡ್ ತರಬೇಡಿ’ ಎಂದಾದರೂ ತಿಳಿಸಬೇಕು.

ಬೆಂಗಳೂರಿನಲ್ಲಿ ತೊಡಕು ಬೇರೆ ಬಗೆಯದು. ಕೊರಳಲ್ಲಿ ನೇತಾಡುವ ಆಫೀಸ್ ಐಡಿ ಪಬ್ಲಿಕ್ ಲಿಮಿಟೆಡ್ ಕಂಪನಿಯದಾದರೆ ನಡೆಯುತ್ತದೆ, ಪ್ರೈವೇಟ್ ಲಿಮಿಟೆಡ್‌ನದಾದರೆ ಇಲ್ಲ. ಸ್ಟಾರ್ಟಪ್‌ಗಳದು ಬಹುತೇಕ ಎರಡನೇ ಬಗೆ. ಕಾಲೇಜಿನ ಐಡಿ ಪಟ್ಟಿಯಲ್ಲಿಲ್ಲ. ಪಾಸ್‌ಬುಕ್ ತರುವವರು ಫೋಟೊ ಇದೆಯೇ ಎಂದು ಮನೆಯಲ್ಲೇ ತೆರೆದು ನೋಡಬೇಕು. ಬಿಎಲ್‌ಒ (ಬೂತ್ ಮಟ್ಟದ ಅಧಿಕಾರಿ) ಮನೆಗೆ ತಂದುಕೊಡುವ ಮತದಾರರ ಮಾಹಿತಿ ಚೀಟಿ ಗುರುತಿನ ದಾಖಲೆಯಲ್ಲ. ಮೊದಲು ಫೋಟೊ ಇರುವ ಚೀಟಿ ಒಂದನ್ನೇ ತೋರಿಸಿದರೂ ನಡೆಯುತ್ತಿತ್ತು. ಅದನ್ನು ದುರುಪಯೋಗ ಮಾಡುತ್ತಾರೆಂಬ ದೂರುಗಳ ಮೇಲೆ 2019ರಲ್ಲಿ ಆಯೋಗ ನಿಲ್ಲಿಸಿತು, ಈಗಿನ ಚೀಟಿಯಲ್ಲಿ ಫೋಟೊ ಬದಲು ಕ್ಯೂಆರ್ ಕೋಡ್ ಇದೆ. ಭಾಗ ಸಂಖ್ಯೆ, ಕ್ರಮ ಸಂಖ್ಯೆ ಹುಡುಕಲು ಅದು ಬಹಳ ಅನುಕೂಲ, ಆದರೆ ಅದಿಲ್ಲದೆಯೂ ಮತ ಹಾಕಬಹುದು.

ಮೊಬೈಲಿನಲ್ಲಿ ತೋರಿಸಿದರೆ ಸಾಲದೇ ಎಂದು ಬಹಳ ಮಂದಿ ಕೇಳುತ್ತಾರೆ. 2021ರ ಜನವರಿ 25ರಂದು ಬಂದ ಇ-ಎಪಿಕ್ (ವೋಟರ್ ಐಡಿಯ ಡಿಜಿಟಲ್ ರೂಪ) ಅನ್ನು ಪಿಡಿಎಫ್ ಆಗಿ ಇಳಿಸಿಕೊಂಡು, ಪ್ರಿಂಟ್ ತೆಗೆದು, ಲ್ಯಾಮಿನೇಟ್ ಮಾಡಿಸಿಕೊಂಡರೆ ಅದು ಸಾಕು. ಪರದೆಯ ಮೇಲೆ ತೋರಿಸುವುದಕ್ಕೆ ಮೊದಲ ಅಡ್ಡಿ ಮೊಬೈಲ್‌ನದೇ: ಅದನ್ನು ಬೂತ್ ಒಳಗೆ ಒಯ್ಯುವಂತಿಲ್ಲ. ಬಾಗಿಲಲ್ಲಿ ಮೊಬೈಲ್ ಇಟ್ಟು ಹೋಗುವ ವ್ಯವಸ್ಥೆಯನ್ನು 2025ರಲ್ಲಿ ಪ್ರಕಟಿಸಿದರು, ಆದರೆ ಮೊಬೈಲ್ ಹೊರಗೆ ಉಳಿದರೆ ಅದರೊಳಗಿನ ಕಾರ್ಡೂ ಹೊರಗೇ ಉಳಿಯುತ್ತದೆ. ಹಾಗಾಗಿ ಕಾಗದವನ್ನು ಕೈಯಲ್ಲಿಟ್ಟುಕೊಳ್ಳುವುದೇ ಸುರಕ್ಷಿತ.

ಹೆಸರಿನ ಕಾಗುಣಿತ ತಪ್ಪಿದ್ದರೆ

ಪಟ್ಟಿಯಲ್ಲಿ ‘ಲಕ್ಷಮ್ಮ’, ಆಧಾರ್‌ನಲ್ಲಿ ‘ಲಕ್ಷ್ಮಮ್ಮ’. ಒಂದು ಕಡೆ ಇನಿಷಿಯಲ್ ಮುಂದೆ, ಇನ್ನೊಂದು ಕಡೆ ಹಿಂದೆ. ಮದುವೆಗೆ ಮೊದಲಿನ ಪಟ್ಟಿಯಲ್ಲಿ ತಂದೆಯ ಹೆಸರು, ಈಗಿನ ಕಾರ್ಡಿನಲ್ಲಿ ಗಂಡನ ಹೆಸರು. ಕನ್ನಡದಿಂದ ಇಂಗ್ಲಿಷಿಗೆ, ಅಲ್ಲಿಂದ ಮತ್ತೆ ಕನ್ನಡಕ್ಕೆ ಕಂಪ್ಯೂಟರ್ ತಿರುಗಿಸಿದ ಹೆಸರುಗಳ ಅವಸ್ಥೆ ಗೊತ್ತೇ ಇದೆ. ಇಂಥವಕ್ಕೆಲ್ಲ 1961ರ ಚುನಾವಣಾ ನಿಯಮಗಳ 49ಎಚ್ ಸ್ಪಷ್ಟ ಉತ್ತರ ಕೊಡುತ್ತದೆ: ಎದುರಿಗಿರುವವರು ಆ ನಮೂದಿನವರೇ ಎಂದು ಮನವರಿಕೆಯಾದರೆ ಬರಹದ, ಮುದ್ರಣದ ದೋಷಗಳನ್ನು ಕಡೆಗಣಿಸಬೇಕು. ‘ಕಡೆಗಣಿಸಬಹುದು’ ಎಂದಲ್ಲ, ‘ಕಡೆಗಣಿಸಬೇಕು’ ಎಂದೇ ಇದೆ.

ವಿಳಾಸ ಹೊಂದದಿದ್ದರೆ ಅದೊಂದು ತಕರಾರೇ ಅಲ್ಲ. ಗುರುತಿನ ದಾಖಲೆ ನೀವು ಯಾರೆಂದು ಹೇಳಿದರೆ ಸಾಕು, ಎಲ್ಲಿರುತ್ತೀರಿ ಎಂಬುದನ್ನು ಪಟ್ಟಿ ಆಗಲೇ ತೀರ್ಮಾನಿಸಿದೆ. ಹಾಸನದ ವಿಳಾಸದ ಆಧಾರ್ ತೋರಿಸಿ ಯಲಹಂಕದ ಬೂತ್‌ನಲ್ಲಿ ಮತ ಹಾಕಬಹುದು, ಯಲಹಂಕದ ಪಟ್ಟಿಯಲ್ಲಿ ಹೆಸರಿರಬೇಕು. ಬೇರೆ ಕ್ಷೇತ್ರದಲ್ಲಿದ್ದಾಗ ಪಡೆದ ಹಳೆಯ ವೋಟರ್ ಐಡಿಗೂ ಇದೇ ನಿಯಮ. ಫೋಟೊ ಅದಲುಬದಲಾಗಿದ್ದರೆ ಮಾತ್ರ ಆ ಕಾರ್ಡ್ ಪ್ರಯೋಜನಕ್ಕೆ ಬಾರದು, ಆಗ ಹನ್ನೆರಡರಲ್ಲಿ ಇನ್ನೊಂದು ಬೇಕು. ಅದಕ್ಕಾಗಿ ಎರಡು ದಾಖಲೆ ಜೊತೆಗಿಟ್ಟುಕೊಂಡು ಹೋಗುವುದು ಒಳ್ಳೆಯದು. ಬುರ್ಖಾ ಧರಿಸಿದವರ ಗುರುತು ನೋಡಲು ಮಹಿಳಾ ಸಿಬ್ಬಂದಿ ಇರಬೇಕು, ಮರೆಯಲ್ಲೇ ಮುಖ ನೋಡಬೇಕು.

ಏಜೆಂಟರು ‘ಇವರು ಅವರಲ್ಲ’ ಎಂದರೆ

ಪಕ್ಷದ ಏಜೆಂಟರು ಮತದಾರರ ಗುರುತನ್ನು ಪ್ರಶ್ನಿಸಬೇಕಾದರೆ ಎರಡು ರೂಪಾಯಿ ನಗದು ಠೇವಣಿ ಇಡಬೇಕು. ಆಗ ಮತಗಟ್ಟೆಯ ಮುಖ್ಯಸ್ಥರಾದ ಅಧ್ಯಕ್ಷಾಧಿಕಾರಿ ಚಿಕ್ಕ ವಿಚಾರಣೆ ನಡೆಸುತ್ತಾರೆ. ಮೊದಲು ಪುರಾವೆ ಕೊಡಬೇಕಾದವರು ಪ್ರಶ್ನಿಸಿದವರು. ಅವರ ಬಳಿ ಏನೂ ಇಲ್ಲದಿದ್ದರೆ ಅಲ್ಲಿಗೆ ಮುಗಿಯಿತು, ಮತ ಹಾಕಲು ಬಿಡಬೇಕು. ತಕರಾರು ಬರೀ ಕಿರುಕುಳಕ್ಕೆಂದು ಕಂಡರೆ ಠೇವಣಿ ಮುಟ್ಟುಗೋಲಾಗುತ್ತದೆ. ನಿಜವೆಂದು ಸಾಬೀತಾದರೆ ಬಂದವರನ್ನು ಪೊಲೀಸರಿಗೆ ಒಪ್ಪಿಸುತ್ತಾರೆ. ಬೇರೆಯವರ ಹೆಸರಲ್ಲಿ ಮತ ಹಾಕುವುದಕ್ಕೆ ಭಾರತೀಯ ನ್ಯಾಯ ಸಂಹಿತೆಯ 174ನೇ ಸೆಕ್ಷನ್ ಪ್ರಕಾರ ಒಂದು ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ. ಈ ವಿಚಾರಣೆ ಗುರುತಿಗೆ ಮಾತ್ರ ಸೀಮಿತ. ‘ಇವರು ಈ ಊರಲ್ಲಿ ಇರುವವರೇ ಅಲ್ಲ’, ‘ಈ ದೇಶದವರೇ ಅಲ್ಲ’ ಎಂಬ ವಾದವನ್ನು ಬೂತ್‌ನಲ್ಲಿ ಎತ್ತುವಂತಿಲ್ಲ. ಪಟ್ಟಿಯಲ್ಲಿ ಹೆಸರಿರುವವರೆಗೆ ಅವರು ಮತದಾರರೇ.

ಇನ್ನೊಂದು ಪಟ್ಟಿಯ ಬಗ್ಗೆ ಮತದಾರರಿಗೆ ಗೊತ್ತಿರುವುದು ಕಡಿಮೆ. ಚೀಟಿ ಹಂಚಲು ಹೋದಾಗ ಮನೆಗೆ ಬೀಗವಿದ್ದರೆ, ಬಾಡಿಗೆದಾರರು ಖಾಲಿ ಮಾಡಿದ್ದರೆ, ಸತ್ತುಹೋಗಿದ್ದಾರೆಂದು ಅಕ್ಕಪಕ್ಕದವರು ಹೇಳಿದರೆ, ಬಿಎಲ್‌ಒ ಆ ಹೆಸರುಗಳನ್ನು ಗೈರು, ಸ್ಥಳಾಂತರ, ಮೃತ ಎಂಬ ಪಟ್ಟಿಗೆ ಸೇರಿಸುತ್ತಾರೆ. ಮತಗಟ್ಟೆಯಲ್ಲಿ ಇದನ್ನು ಎಎಸ್‌ಡಿ ಪಟ್ಟಿ ಎನ್ನುತ್ತಾರೆ. ಇದರಲ್ಲಿ ಹೆಸರಿದ್ದ ಮಾತ್ರಕ್ಕೆ ಮತ ಹೋಗುವುದಿಲ್ಲ. ಅಧ್ಯಕ್ಷಾಧಿಕಾರಿಯೇ ಖುದ್ದಾಗಿ ದಾಖಲೆ ನೋಡುತ್ತಾರೆ, ರಿಜಿಸ್ಟರಿನಲ್ಲಿ ಸಹಿಯ ಜೊತೆ ಹೆಬ್ಬೆಟ್ಟನ್ನೂ ಪಡೆಯುತ್ತಾರೆ. ಹಗಲೆಲ್ಲ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳು ಈ ಪಟ್ಟಿಗೆ ಸೇರುವುದು ಸುಲಭ. ಸಹಿ ಬರುವವರಿಂದಲೂ ಹೆಬ್ಬೆಟ್ಟು ಕೇಳಿದರೆ ಅವಮಾನವೆಂದು ಜಗಳಕ್ಕೆ ಇಳಿಯಬೇಡಿ. ನಿಮ್ಮ ಹೆಸರಲ್ಲಿ ಬೇರೆಯವರು ಬಂದು ಹೋಗದಂತೆ ಮಾಡಿರುವ ಏರ್ಪಾಡು ಅದು.

ನಿಮ್ಮ ಮತ ಬೇರೆಯವರು ಹಾಕಿ ಹೋಗಿದ್ದರೆ

ಹೆಸರಿದೆ, ಕಾರ್ಡಿದೆ, ಬೆರಳಲ್ಲಿ ಶಾಯಿಯಿಲ್ಲ, ಆದರೆ ಪಟ್ಟಿಯಲ್ಲಿ ನಿಮ್ಮ ನಮೂದಿನ ಮೇಲೆ ಆಗಲೇ ಕೆಂಪು ಗೆರೆ ಬಿದ್ದಿದೆ. ಬಹಳ ಜನ ಇಲ್ಲಿ ಕೂಗಾಡಿ ಹೊರಟುಹೋಗುತ್ತಾರೆ. ಹೋಗಬಾರದು. ನಿಯಮ 49ಪಿ ಪ್ರಕಾರ ಟೆಂಡರ್ ಮತ ಕೇಳುವ ಹಕ್ಕು ನಿಮಗಿದೆ. ಮೊದಲ ಅಧಿಕಾರಿಯನ್ನು ಬಿಟ್ಟು ನೇರವಾಗಿ ಅಧ್ಯಕ್ಷಾಧಿಕಾರಿಯನ್ನೇ ಕೇಳಿ. ಅವರು ಕೆಲವು ಪ್ರಶ್ನೆ ಕೇಳಿ ಗುರುತು ಒಪ್ಪಿದರೆ ನಮೂನೆ 17ಬಿಯಲ್ಲಿ ಸಹಿ ಪಡೆದು, ಹಿಂಬದಿಯಲ್ಲಿ ಟೆಂಡರ್ ಮತಪತ್ರವೆಂದು ನಮೂದಿಸಿದ ಕಾಗದದ ಮತಪತ್ರ ಕೊಡುತ್ತಾರೆ. ಮರೆಯಲ್ಲಿ ಮುದ್ರೆ ಒತ್ತಿ, ಮಡಿಸಿ, ಅವರ ಕೈಗೇ ಕೊಡಬೇಕು. ಅದು ಪ್ರತ್ಯೇಕ ಲಕೋಟೆಗೆ ಹೋಗುತ್ತದೆ.

ಯಂತ್ರದಲ್ಲಿ ಯಾಕೆ ಹಾಕಿಸುವುದಿಲ್ಲ? ರಿಜಿಸ್ಟರಿನಲ್ಲಿ ಇರುವಷ್ಟೇ ಮತ ಯಂತ್ರದಲ್ಲೂ ಇರಬೇಕು, ಒಂದು ನಮೂದಿಗೆ ಒಂದೇ ಮತ. ಮೊದಲು ಬಂದವರು ಹಾಕಿದ ಮತ ಯಾವುದೆಂದು ಯಂತ್ರದಿಂದ ಹೆಕ್ಕಿ ತೆಗೆಯಲು ಸಾಧ್ಯವಿಲ್ಲ, ಗೋಪ್ಯ ಮತದಾನ ಎಂದರೆ ಅದೇ. ಹೀಗಾಗಿ ಟೆಂಡರ್ ಮತವನ್ನು ಎಣಿಕೆಯ ದಿನ ಎಣಿಸುವುದಿಲ್ಲ. ಹಾಗಾದರೆ ಏನು ಉಪಯೋಗ ಎಂದರೆ, ಗೆಲುವಿನ ಅಂತರ ತೀರಾ ಕಡಿಮೆಯಾಗಿ ವ್ಯಾಜ್ಯ ಹೈಕೋರ್ಟಿಗೆ ಹೋದಾಗ ಆ ಲಕೋಟೆ ತೆರೆಯಬಹುದು. 2008ರಲ್ಲಿ ರಾಜಸ್ಥಾನದ ನಾಥದ್ವಾರದಲ್ಲಿ ಸಿ.ಪಿ. ಜೋಶಿ ಒಂದೇ ಮತದಿಂದ ಸೋತಾಗ ಟೆಂಡರ್ ಮತಗಳ ವಿಷಯ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ನಮ್ಮಲ್ಲೂ ಅಂಥ ಅಂತರಗಳು ಬಂದಿವೆ: 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ 40,752 ಮತ ಪಡೆದು ಗೆದ್ದರು, ಎ.ಆರ್. ಕೃಷ್ಣಮೂರ್ತಿ 40,751ಕ್ಕೆ ನಿಂತರು. 2023ರಲ್ಲಿ ಬೆಂಗಳೂರಿನ ಜಯನಗರ ಇತ್ಯರ್ಥವಾಗಿದ್ದು 16 ಮತಗಳಲ್ಲಿ. ಅಲ್ಲದೆ, ನೀವು ಟೆಂಡರ್ ಮತ ಕೇಳದೆ ಹೋದರೆ ಆ ಬೂತ್‌ನಲ್ಲಿ ಕಳ್ಳ ಮತ ಬಿತ್ತೆಂಬುದಕ್ಕೆ ಸರ್ಕಾರಿ ದಾಖಲೆಯಲ್ಲಿ ಒಂದು ಗೆರೆಯೂ ಉಳಿಯುವುದಿಲ್ಲ.

ಚುನಾವಣೆ ಬಂದಾಗಲೆಲ್ಲ ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಒಂದು ಸಂದೇಶವನ್ನು ಇಲ್ಲಿ ಹೇಳಲೇಬೇಕು. ‘ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಆಧಾರ್ ತೋರಿಸಿ ಚಾಲೆಂಜ್ ವೋಟ್ ಕೇಳಿ, ಶೇ 14ಕ್ಕಿಂತ ಹೆಚ್ಚು ಟೆಂಡರ್ ವೋಟ್ ಬಿದ್ದರೆ ಮರುಮತದಾನ’ ಎಂದು ಅದು ಹೇಳುತ್ತದೆ. ಎರಡೂ ಸುಳ್ಳು. ಚಾಲೆಂಜ್ ಎಂದರೆ ಮೇಲೆ ಹೇಳಿದ ಏಜೆಂಟರ ತಕರಾರು, ಹೆಸರು ಸೇರಿಸುವ ದಾರಿಯಲ್ಲ. ಶೇ 14ರ ನಿಯಮ ಎಲ್ಲೂ ಇಲ್ಲ. ಇದನ್ನು ನಂಬಿ ಬಂದವರು ಸರತಿಯಲ್ಲಿ ನಿಂತು, ಜಗಳವಾಡಿ, ಬರಿಗೈಲಿ ಮನೆಗೆ ಹೋಗುತ್ತಾರೆ. ಅಷ್ಟು ಹೊತ್ತಿಗೆ ಯಾವ ಅಧಿಕಾರಿಯ ಕೈಯಲ್ಲೂ ಏನೂ ಇರುವುದಿಲ್ಲ.

ವಿದೇಶದಲ್ಲಿರುವ ಕನ್ನಡಿಗರು

ಭಾರತದ ಪೌರತ್ವ ಉಳಿಸಿಕೊಂಡು ಹೊರಗಿರುವವರು ನಮೂನೆ 6ಎ ತುಂಬಿ ಪಾಸ್‌ಪೋರ್ಟಿನಲ್ಲಿರುವ ಊರಿನ ಪಟ್ಟಿಗೆ ಸೇರಬಹುದು. ಮತ ಹಾಕಲು ಊರಿಗೇ ಬರಬೇಕು. ಇವರಿಗೆ ಹನ್ನೆರಡು ಆಯ್ಕೆಗಳಿಲ್ಲ, ಮೂಲ ಪಾಸ್‌ಪೋರ್ಟ್ ಒಂದೇ ನಡೆಯುತ್ತದೆ, ಜೆರಾಕ್ಸ್ ಆಗದು.

ಬ್ರಿಟನ್ನಿನಲ್ಲಿ ನೆಲೆಸಿರುವವರಿಗೆ ಅಲ್ಲೂ ಒಂದು ಮತವಿದೆ. ಕಾಮನ್‌ವೆಲ್ತ್ ದೇಶಗಳ ಪ್ರಜೆಗಳು ಅಲ್ಲಿ ಕಾನೂನುಬದ್ಧವಾಗಿ ವಾಸವಿದ್ದರೆ ನೋಂದಾಯಿಸಿಕೊಂಡು ಮತ ಹಾಕಬಹುದು. ಇಂಗ್ಲೆಂಡಿನಲ್ಲಿ ಫೋಟೊ ಗುರುತು ಕಡ್ಡಾಯವಾಗಿದ್ದು 2023ರ ಮೇ ತಿಂಗಳ ಸ್ಥಳೀಯ ಚುನಾವಣೆಯಿಂದ, ಅಲ್ಲಿಯವರೆಗೆ ಹೆಸರು, ವಿಳಾಸ ಹೇಳಿದರೆ ಸಾಕಿತ್ತು. ಆ ಮೊದಲ ಚುನಾವಣೆಯಲ್ಲೇ ಗುರುತಿನ ದಾಖಲೆಯಿಲ್ಲದೆ ಸುಮಾರು 14,000 ಮಂದಿ ಮತ ಹಾಕಲಾಗದೆ ಹೋದರೆಂದು ಅಲ್ಲಿನ ಚುನಾವಣಾ ಆಯೋಗ ಲೆಕ್ಕ ಕೊಟ್ಟಿತು. ಭಾರತದ ಪಾಸ್‌ಪೋರ್ಟ್ ಅಲ್ಲಿ ಒಪ್ಪಿತ ದಾಖಲೆ.

ನಿಜವಾದ ಪರೀಕ್ಷೆ ಪಟ್ಟಿಯದು

2025ರ ಜೂನ್‌ನಲ್ಲಿ ಬಿಹಾರದಲ್ಲಿ ಶುರುವಾದ ವಿಶೇಷ ತೀವ್ರ ಪರಿಷ್ಕರಣೆ, ಅಂದರೆ ಎಸ್‌ಐಆರ್, ಇಡೀ ದೇಶದ ಗಮನವನ್ನು ಕಾರ್ಡಿನಿಂದ ಪಟ್ಟಿಯ ಕಡೆಗೆ ತಿರುಗಿಸಿತು. ಅಲ್ಲಿನ ಕರಡು ಪಟ್ಟಿಯಿಂದ ಸುಮಾರು 65 ಲಕ್ಷ ಹೆಸರು ಹೊರಬಿದ್ದವು. ಆ ಹೆಸರುಗಳನ್ನು ಕಾರಣ ಸಹಿತ ಪ್ರಕಟಿಸಿ ಎಂದು ಸುಪ್ರೀಂ ಕೋರ್ಟ್ ಆಗಸ್ಟ್‌ನಲ್ಲಿ ಹೇಳಬೇಕಾಯಿತು. ಅಲ್ಲಿ ಮೊದಲು ಕೇಳಿದ 11 ದಾಖಲೆಗಳಲ್ಲಿ ಆಧಾರ್ ಇರಲಿಲ್ಲ, ಆಯೋಗವೇ ಕೊಟ್ಟ ವೋಟರ್ ಐಡಿಯೂ ಇರಲಿಲ್ಲ. ಸೆಪ್ಟೆಂಬರ್ 8ರ ಕೋರ್ಟ್ ಆದೇಶದಿಂದ ಆಧಾರ್ ಹನ್ನೆರಡನೆಯದಾಯಿತು. ಈ ಹನ್ನೆರಡು ಬೇರೆ, ಬೂತ್‌ನ ಹನ್ನೆರಡು ಬೇರೆ. ಒಂದು ಪಟ್ಟಿಗೆ ಸೇರಲು, ಇನ್ನೊಂದು ಸೇರಿದ ಮೇಲೆ ಗುರುತು ತೋರಲು. ಎರಡನ್ನೂ ಕಲಸಿಕೊಂಡು ‘ಆಧಾರ್ ಇದೆಯಲ್ಲ, ಸಾಕು’ ಎಂದು ಸುಮ್ಮನಿದ್ದವರೇ ಹೆಚ್ಚು ಕಳೆದುಕೊಳ್ಳುವವರು. ಬಡವರಿಗೂ ವಲಸೆ ಹೋದವರಿಗೂ ಹೊರೆ ಬೀಳುವುದು ಈ ಹಂತದಲ್ಲೇ, ಮತಗಟ್ಟೆಯ ಮೇಜಿನ ಮುಂದಲ್ಲ.

ಕರ್ನಾಟಕದ ಉದಾಹರಣೆಯೂ ಇದೆ. 2023ರ ವಿಧಾನಸಭಾ ಚುನಾವಣೆಗೆ ಮುಂಚೆ ಕಲಬುರಗಿ ಜಿಲ್ಲೆಯ ಆಳಂದ ಕ್ಷೇತ್ರದಲ್ಲಿ ಹೆಸರು ತೆಗೆಯಲು ಆನ್‌ಲೈನಿನಲ್ಲಿ 6,018 ನಮೂನೆ 7 ಅರ್ಜಿಗಳು ಬಂದವು. ಸ್ಥಳಕ್ಕೆ ಹೋಗಿ ನೋಡಿದಾಗ ಸರಿಯಿದ್ದದ್ದು 24 ಮಾತ್ರ, ಉಳಿದ 5,994 ಅರ್ಜಿಗಳನ್ನು ತಿರಸ್ಕರಿಸಲಾಯಿತು. ಮನೆಮನೆಗೆ ಹೋಗಿ ಕೇಳಿದ್ದರಿಂದ ಆ ಹೆಸರುಗಳು ಉಳಿದವು. ಕಚೇರಿಯಲ್ಲಿ ಕೂತು ಕ್ಲಿಕ್ ಮಾಡಿದ್ದರೆ ಅಷ್ಟೂ ಜನ ಮತದಾನದ ದಿನ ಕಾರ್ಡ್ ಹಿಡಿದು ಬಂದು ವಾಪಸು ಹೋಗುತ್ತಿದ್ದರು.

ಕಾನೂನಿನ ಪ್ರಕಾರ ನಾಮಪತ್ರ ಸಲ್ಲಿಕೆಯ ಕಡೆಯ ದಿನದ ನಂತರ ಪಟ್ಟಿಗೆ ಹೆಸರು ಸೇರಿಸುವಂತಿಲ್ಲ. 2023ರಲ್ಲಿ ಆ ದಿನ ಏಪ್ರಿಲ್ 20, ಮತದಾನ ಮೇ 10. ಅರ್ಜಿಯ ಮೇಲೆ ಆಕ್ಷೇಪಣೆಗೆ ಏಳು ದಿನ ಬಿಡಬೇಕಾದ್ದರಿಂದ ಅದಕ್ಕೂ ಹತ್ತು ದಿನ ಮೊದಲೇ ಸಲ್ಲಿಸಿರಬೇಕು. ಅಂದರೆ ಮತದಾನಕ್ಕೆ ಒಂದು ತಿಂಗಳಿರುವಾಗಲೇ ಕಡೆಯ ಅವಕಾಶ ಮುಗಿದಿರುತ್ತದೆ.

ಈಗಲೇ ಚುನಾವಣಾ ಆಯೋಗದ ಆ್ಯಪ್‌ನಲ್ಲೋ ಸಹಾಯವಾಣಿ 1950ಕ್ಕೆ ಕರೆ ಮಾಡಿಯೋ ಎಪಿಕ್ ಸಂಖ್ಯೆ ಹಾಕಿ ಹುಡುಕಿ. ಕಾರ್ಡಿನ ಮೇಲಿನ ಸಂಖ್ಯೆಯಲ್ಲಿ ಮೂರು ಅಕ್ಷರ, ಏಳು ಅಂಕಿ ಇರುತ್ತವೆ. ಹೆಸರು ಸಿಕ್ಕರೆ ಭಾಗ ಸಂಖ್ಯೆ, ಕ್ರಮ ಸಂಖ್ಯೆ, ಶಾಲೆಯ ಯಾವ ಕೊಠಡಿ ಎಂಬುದನ್ನು ಬರೆದುಕೊಳ್ಳಿ. 1,200ರ ಮಿತಿಗಾಗಿ ಬೂತ್‌ಗಳನ್ನು ಒಡೆದಾಗ ಭಾಗ ಸಂಖ್ಯೆಗಳೂ ಬದಲಾಗುತ್ತವೆ, ಹಿಂದಿನ ಚುನಾವಣೆಯ ಚೀಟಿ ನಂಬಬೇಡಿ. ಸಿಗದಿದ್ದರೆ ಹೆಸರು ಸೇರಿಸಲು ನಮೂನೆ 6. ಮನೆ ಬದಲಾಗಿದ್ದರೆ, ಹೆಸರು ಅಥವಾ ಫೋಟೊ ತಪ್ಪಿದ್ದರೆ, ಕಾರ್ಡ್ ಕಳೆದಿದ್ದರೆ ಎಲ್ಲಕ್ಕೂ ನಮೂನೆ 8 ಒಂದೇ. ಮನೆ ಬದಲಿಸಿದವರು ಹೊಸದಾಗಿ ನಮೂನೆ 6 ತುಂಬಬಾರದು, ಎರಡು ಕಡೆ ಹೆಸರು ಉಳಿದು ಮುಂದೆ ಎರಡೂ ಕಡೆ ತೊಂದರೆಯಾಗುತ್ತದೆ. ಅರ್ಜಿ ಹಾಕಿದಾಗ ಬರುವ ರೆಫರೆನ್ಸ್ ನಂಬರ್ ಇಟ್ಟುಕೊಂಡು ಹತ್ತು ದಿನದ ನಂತರ ಸ್ಥಿತಿ ನೋಡಿ, ತಿರಸ್ಕೃತವೆಂದು ಬಂದಿದ್ದರೆ ಬಿಎಲ್‌ಒ ಬಳಿ ಕಾರಣ ಕೇಳಿ ಕೂಡಲೇ ಮತ್ತೆ ಹಾಕಿ.